ಒಡೆದ ಗಾಡಿಯ ಪ್ರಸಂಗ

ಬೇಸಗೆಯ ರಜೆಯು ಹತ್ತಿರವಾದಂತೆಲ್ಲ ನಮ್ಮ ಬ್ರೂಸ್‌ಪೇಟೆಯ ಮನೆಗಳಲ್ಲಿ ಒಂದು ಬಗೆಯ ಸಂಭ್ರಮವೂ ಒಂದು ಬಗೆಯ ಕಳವಳವೂ ಕೂಡಿಯೇ ಕಾಣಿಸಿಕೊಳ್ಳುವುವು. ೧೯೨೮ರಲ್ಲಿ ನಮ್ಮೂರಿನ ನಟಶ್ರೇಷ್ಠರಾದ ಬಳ್ಳಾರಿ ರಾಘವರು ಸಮುದ್ರವನ್ನು ದಾಟಿ ಇಂಗ್ಲೆಂಡಿಗೆ ಹೋದ ಕಾಲದಲ್ಲಿ ಅಂಥ ಪ್ರಯಾಣವು ಸಹಸ್ರಕ್ಕೊಬ್ಬರ ಭಾಗ್ಯವಾಗಿತ್ತು. ಇಂದಾದರೋ ಬೀದಿಗೆ ಎರಡು ಮನೆಗಳ ಮಕ್ಕಳು ಪರದೇಶದಲ್ಲಿ ನೆಲಸಿರುವರು. ವೃದ್ಧ ತಂದೆತಾಯಿಗಳು ಉಪ್ಪಿನಕಾಯಿಯ ಭರಣಿಗಳನ್ನು ಹೊತ್ತು ವಿಮಾನವೇರುವರು. ವೀಸಾ ಪಡೆಯುವ ಕ್ರಮವನ್ನೂ, ಉಣ್ಣೆಯ ಬಟ್ಟೆ ದೊರೆಯುವ ಅಂಗಡಿಯನ್ನೂ, ಮಂಡಕ್ಕಿಯನ್ನು ಮೆತ್ತಗಾಗದಂತೆ ಕಟ್ಟುವ ಉಪಾಯವನ್ನೂ ಒಬ್ಬರಿಗೊಬ್ಬರು ಹೇಳಿಕೊಡುವರು. ಆದರೆ ಆ ದೇಶಗಳಲ್ಲಿ ರೈಲುಗಾಡಿಯನ್ನು ಬದಲಿಸುವುದು ಹೇಗೆ, ಬದಲಿಸುವಾಗ ಕೆಟ್ಟರೆ ಚೇತರಿಸಿಕೊಳ್ಳುವುದು ಹೇಗೆ ಎಂಬುದನ್ನು ಯಾರೂ ಹೇಳರು. ನಾವು ಬಳ್ಳಾರಿಯವರು, ಗುಂತಕಲ್ಲಿನ ಮಗ್ಗುಲಲ್ಲಿಯೇ ಬೆಳೆದವರು, ರೈಲಿನ ವಿಷಯದಲ್ಲಿ ನಮಗೆ ಪಾಠ ಬೇಕೆ ಎಂಬ ಅಭಿಮಾನ ನಮ್ಮದು. ಆ ಅಭಿಮಾನವು ೨೦೨೫ರ ಮೇ ತಿಂಗಳಲ್ಲಿ ನನಗೆ ಮಾಡಿದ ಉಪಕಾರವನ್ನು ಈ ತಿಂಗಳು ಬಿನ್ನವಿಸುವೆನು.

ನನ್ನ ಮಗಳೂ ಅಳಿಯನೂ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಉದ್ಯೋಗದಲ್ಲಿರುವರು. ನಾವು ದಂಪತಿಗಳು ಅಲ್ಲಿಗೆ ಹೋಗಿ ಎರಡು ವಾರ ಕಳೆದ ಮೇಲೆ, ಹಿಮದ ಬೆಟ್ಟಗಳನ್ನೂ ಸರೋವರಗಳನ್ನೂ ಕಂಡು ದಣಿದಿದ್ದ ನನಗೆ, ಬೇರೊಂದು ಆಸೆಯು ತಲೆಯೆತ್ತಿತು. ಬಾಸೆಲ್ ಎಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. ೧೮೧೫ರಲ್ಲಿ ಅಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ ಸಂಸ್ಥೆಯು ೧೮೩೪ರಲ್ಲಿ ಮಂಗಳೂರಿಗೆ ಬಂದಿತು. ಆ ಸಂಸ್ಥೆಯ ಹೆರ್ಮನ್ ಮ್ಯೋಗ್ಲಿಂಗ್ ಎಂಬವರೇ ೧೮೪೩ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಅದೇ ಬಾಸೆಲ್ಲಿನಲ್ಲಿ ವ್ಯಾಸಂಗ ಮಾಡಿ ೧೮೫೩ರಲ್ಲಿ ಕನ್ನಡ ನಾಡಿಗೆ ಬಂದ ಫರ್ಡಿನೆಂಡ್ ಕಿಟೆಲ್ಲರು ತಮ್ಮ ಮಹಾನಿಘಂಟನ್ನು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಆ ಕಾರ್ಯಕ್ಕಾಗಿ ೧೮೯೬ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿದುದು ಜರ್ಮನಿಯ ತ್ಯೂಬಿಂಗೆನ್ ವಿಶ್ವವಿದ್ಯಾನಿಲಯ. ೧೯೦೩ರಲ್ಲಿ ಅವರು ಕಣ್ಮುಚ್ಚಿದುದೂ ಆ ತ್ಯೂಬಿಂಗೆನ್ ಊರಿನಲ್ಲಿಯೇ.

ಸಂಸ್ಕೃತವನ್ನು ಕಲಿತು ಕಲಿಸಿ ಬಾಳನ್ನು ಸವೆಸಿದ ನನಗೆ ಆ ಊರಿನ ಮೇಲೆ ಇನ್ನೊಂದು ಕಾರಣದಿಂದಲೂ ಭಕ್ತಿಯುಂಟು. ಬ್ಯೋತ್‌ಲಿಂಕ್ ಎಂಬ ಪಂಡಿತರೊಡಗೂಡಿ ೧೮೫೫ರಿಂದ ೧೮೭೫ರವರೆಗೆ ಏಳು ಸಂಪುಟಗಳ ಸಂಸ್ಕೃತ ನಿಘಂಟನ್ನು ರಚಿಸಿದ ರುಡಾಲ್ಫ್ ರೋತ್ ಎಂಬವರು ತ್ಯೂಬಿಂಗೆನ್ನಿನಲ್ಲಿಯೇ ಅಧ್ಯಾಪಕರಾಗಿದ್ದು ೧೮೯೫ರಲ್ಲಿ ತೀರಿಕೊಂಡರು. ಸಂಸ್ಕೃತದ ಮಹಾಕೋಶವೊಂದು, ಕನ್ನಡದ ಮಹಾಕೋಶವೊಂದು; ಎರಡಕ್ಕೂ ನಂಟುಳ್ಳ ಊರು ಒಂದೇ. ನಮ್ಮ ಬಳ್ಳಾರಿಗೂ ಕನ್ನಡದ ಕೋಶಕ್ಕೂ ಸಂಬಂಧವಿಲ್ಲದಿಲ್ಲ. ಇಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ ಎಂಬವರ ಕನ್ನಡ-ಇಂಗ್ಲಿಷ್ ನಿಘಂಟು ಕಿಟೆಲ್ಲರು ಹುಟ್ಟಿದ ೧೮೩೨ರಲ್ಲಿಯೇ ಹೊರಬಂದಿತು. ಹೀಗಿರಲು, ಬಾಸೆಲ್ಲಿನವರೆಗೆ ಹೋಗಿ ತ್ಯೂಬಿಂಗೆನ್ನನ್ನು ನೋಡದೆ ಬಂದರೆ ಕಾಶಿಗೆ ಹೋಗಿ ಗಂಗೆಯನ್ನು ಮುಟ್ಟದೆ ಬಂದಂತಾಗುವುದೆಂದು ಹಟ ಹಿಡಿದೆನು.

ಮಗಳಿಗೆ ಅಂದು ರಜೆಯಿರಲಿಲ್ಲ. ಇಬ್ಬರೇ ಹೋಗುವೆವೆಂದಾಗ ಅವಳು ಅರೆಮನಸ್ಸಿನಿಂದ ಒಪ್ಪಿ, ಎರಡು ಕಡೆ ಗಾಡಿ ಬದಲಿಸಬೇಕಾದ ಮಾರ್ಗವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟಳು. ಇನ್ನೊಂದು ಚೀಟಿಯಲ್ಲಿ ತನ್ನ ದೂರವಾಣಿಯ ಸಂಖ್ಯೆಯನ್ನೂ, ಜರ್ಮನ್ ಭಾಷೆಯಲ್ಲಿ ನಾಲ್ಕು ಸಾಲುಗಳನ್ನೂ ಬರೆದು ತಾಯಿಯ ಸೊಂಟದ ಚೀಲದಲ್ಲಿಟ್ಟಳು. ನಾನು ನಕ್ಕು, “ನಾವೇನು ಶಿಶುಗಳೆ, ಚೀಟಿ ಕಟ್ಟಿಕೊಂಡು ತಿರುಗುವುದಕ್ಕೆ?” ಎಂದೆನು. ತಾಯಿಗೂ ಒಂದು ದೂರವಾಣಿಯನ್ನು ಕೊಡುವೆನೆಂದು ಅವಳು ಹೇಳಿದಾಗ, ಇಬ್ಬರಿಗೆ ಒಂದು ಸಾಲದೆ ಎಂದು ಬೇಡವೆಂದವನೂ ನಾನೇ. ಟಿಕೆಟ್ಟುಗಳು, ಪಾಸ್‌ಪೋರ್ಟುಗಳು, ಹಣ, ದೂರವಾಣಿ ಎಲ್ಲವೂ ನನ್ನ ಕೈಚೀಲದಲ್ಲಿ ಸೇರಿದುವು. ಮದುವೆಯಾದಂದಿನಿಂದ ಮೂವತ್ತನಾಲ್ಕು ವರ್ಷಗಳೂ ನಮ್ಮ ಸಂಸಾರದ ಪದ್ಧತಿಯು ಅದೇ ಆಗಿತ್ತು. ಆಕೆಯ ಕೈಗೆ ನಾನು ಎಂದೂ ಟಿಕೆಟ್ಟನ್ನು ಕೊಟ್ಟವನಲ್ಲ, ಆಕೆಯೂ ಕೇಳಿದವಳಲ್ಲ. ಹೊರಡುವ ಗಳಿಗೆಯಲ್ಲಿ ಮಾತ್ರ ಏನು ತೋಚಿತೋ, “ಆ ಊರಿನ ಹೆಸರನ್ನು ನನಗೊಂದಿಷ್ಟು ಕನ್ನಡದಲ್ಲಿ ಬರೆದುಕೊಡಿರಿ” ಎಂದಳು. ಚೀಟಿಯ ಬೆನ್ನಮೇಲೆ ‘ತ್ಯೂಬಿಂಗೆನ್’ ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟೆನು.

ಮೊದಲನೆಯ ಎಡವಟ್ಟು ಬಾಸೆಲ್ಲಿನಲ್ಲಿಯೇ ಆಯಿತು. ಆ ನಗರದಲ್ಲಿ ದೊಡ್ಡ ರೈಲು ನಿಲ್ದಾಣಗಳು ಎರಡುಂಟು. ರೈನ್ ನದಿಯ ಒಂದು ದಡದಲ್ಲಿ ಸ್ವಿಸ್ ನಿಲ್ದಾಣ. ಇನ್ನೊಂದು ದಡದಲ್ಲಿ ಬಾಡಿಷರ್ ನಿಲ್ದಾಣ. ಎರಡನೆಯದು ಸ್ವಿಸ್ ನೆಲದ ಮೇಲಿದ್ದರೂ ಅದನ್ನು ನಡೆಸುವುದು ಜರ್ಮನಿಯ ರೈಲ್ವೆ; ಅದರ ಈಗಿನ ಕಟ್ಟಡವು ೧೯೧೩ರದು. ದೊಡ್ಡದೆಂದರೆ ಊರ ನಡುವಿನದೇ ಆಗಿರಬೇಕೆಂದು ತೀರ್ಮಾನಿಸಿ ನಾನು ಟ್ರಾಮಿನಲ್ಲಿ ಸ್ವಿಸ್ ನಿಲ್ದಾಣಕ್ಕೆ ಹೋಗಿ ಇಳಿದೆನು. ಹಾಳೆಯನ್ನು ತೆಗೆದು ನೋಡಿದರೆ ನಮ್ಮ ಗಾಡಿಯು ಹೊರಡುವುದು ಹೊಳೆಯಾಚೆಯ ನಿಲ್ದಾಣದಿಂದ! ಮಗಳು ಮುಂದಾಲೋಚಿಸಿ ಮುಕ್ಕಾಲು ಗಂಟೆಯ ಬಿಡುವಿಟ್ಟಿದ್ದಳಾಗಿ ಮರಳಿ ಟ್ರಾಮು ಹತ್ತಿ, ಸೇತುವೆ ದಾಟಿ, ಗಾಡಿಯನ್ನು ಹಿಡಿದೆವು. ಆದರೂ ಎದೆಯ ಬಡಿತವು ಇಳಿಯಲು ಬಹಳ ಹೊತ್ತು ಹಿಡಿಯಿತು.

ಎರಡನೆಯ ಎಡವಟ್ಟಿನಲ್ಲಿ ನಮ್ಮ ತಪ್ಪಿರಲಿಲ್ಲ. ಜರ್ಮನರ ಗಾಡಿಯೆಂದರೆ ಗಡಿಯಾರವನ್ನು ಅದರಿಂದ ಸರಿಮಾಡಿಕೊಳ್ಳಬಹುದೆಂಬ ಮಾತನ್ನು ನಾವೆಲ್ಲ ಕೇಳಿರುವೆವಷ್ಟೆ. ಅದು ಹಳೆಯ ಕಥೆ. ೨೦೨೪ರಲ್ಲಿ ಆ ದೇಶದ ದೂರಪ್ರಯಾಣದ ಗಾಡಿಗಳಲ್ಲಿ ಮೂರಕ್ಕೊಂದಕ್ಕಿಂತ ಹೆಚ್ಚು ಗಾಡಿಗಳು ಆರು ನಿಮಿಷಕ್ಕೂ ಮೀರಿ ತಡವಾಗಿ ಬಂದುವು. ಹಳಿಗಳು ಹಳೆಯವಾಗಿರುವುದೂ, ಅವನ್ನು ದುರಸ್ತು ಮಾಡುವ ಕಾಮಗಾರಿಯು ದೇಶದುದ್ದಕ್ಕೂ ನಡೆದಿರುವುದೂ, ಒಂದೇ ಹಳಿಯ ಮೇಲೆ ವೇಗದ ಗಾಡಿ, ನಿಧಾನದ ಗಾಡಿ, ಸರಕುಗಾಡಿಗಳೆಲ್ಲ ಓಡಬೇಕಾಗಿರುವುದೂ ಅದಕ್ಕೆ ಕಾರಣಗಳು. ನಮ್ಮ ಗಾಡಿಯೂ ಇಪ್ಪತ್ತೆಂಟು ನಿಮಿಷ ತಡಮಾಡಿತು. ಮುಂದಿನ ಗಾಡಿಗೆ ನಮಗಿದ್ದ ಬಿಡುವು ಒಂಬತ್ತೇ ನಿಮಿಷ. ನಾವು ಇಳಿದಾಗ ಅದು ಹೋಗಿಯೇ ಬಿಟ್ಟಿತ್ತು.

ನಮ್ಮ ಟಿಕೆಟ್ಟು ಅಗ್ಗದ್ದು. ನಿರ್ದಿಷ್ಟವಾದ ಗಾಡಿಗೆ ಮಾತ್ರ ಸಲ್ಲುವಂಥದು. ಹಣವು ಹೋಯಿತೆಂದೇ ಬಗೆದು ವಿಚಾರಣೆಯ ಕಿಟಕಿಗೆ ಹೋದೆನು. ಅಲ್ಲಿದ್ದ ಹೆಣ್ಣುಮಗಳು ನಿರಾಳವಾಗಿ, ತಡವು ರೈಲಿನದಾದುದರಿಂದ ಮುಂದಿನ ಗಾಡಿಯಲ್ಲಿ ಅದೇ ಟಿಕೆಟ್ಟಿನಿಂದ ಹೋಗಬಹುದೆಂದು ತಿಳಿಸಿ, ಹೊಸ ಮಾರ್ಗವನ್ನು ಒಂದು ಕಾಗದದ ಮೇಲೆ ಅಚ್ಚೊತ್ತಿ ಕೊಟ್ಟಳು. ಆ ಕಾಗದದ ಕೆಳಗಡೆ ಸಣ್ಣಕ್ಷರದಲ್ಲಿ ಒಂದು ಸಾಲಿತ್ತು. ಶಾಲೆಯಲ್ಲಿದ್ದಾಗ, ಅಡಿಟಿಪ್ಪಣಿಯನ್ನು ಓದದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ನಾನು ಆ ಸಾಲನ್ನು ಓದಲಿಲ್ಲ.

ಹೊಸ ಗಾಡಿಯು ಬಂದಾಗ ಜನಸಂದಣಿ ವಿಶೇಷವಾಗಿತ್ತು. ನಮ್ಮೆದುರಿನ ಬಾಗಿಲಲ್ಲಿ ಸೈಕಲ್ಲುಗಳೂ ಮಗುವಿನ ತಳ್ಳುಗಾಡಿಯೂ ಸೇರಿ ದಾರಿಯು ಕಟ್ಟಿತ್ತು. ಹೇಗೋ ಆಕೆಯನ್ನು ಒಳಕ್ಕೆ ಹತ್ತಿಸಿ, ಪೆಟ್ಟಿಗೆಯೊಡನೆ ನನಗೆ ಎಡೆಯಿಲ್ಲದಿರಲು, “ನೀನು ಕುಳಿತಿರು, ನಾನು ಮುಂದಿನ ಬಾಗಿಲಿನಿಂದ ಹತ್ತಿ ಒಳಗಿಂದೊಳಗೇ ಬರುವೆನು” ಎಂದು ಕೂಗಿ, ಓಡಿಹೋಗಿ ಮುಂದಿನ ಬಾಗಿಲನ್ನು ಏರಿದೆನು. ನಮ್ಮ ದೇಶದ ಅನೇಕ ಗಾಡಿಗಳಲ್ಲಿ ಒಂದು ಬೋಗಿಯಿಂದ ಇನ್ನೊಂದಕ್ಕೆ ನಡೆದುಹೋಗುವುದು ವಾಡಿಕೆಯಷ್ಟೆ. ಅಲ್ಲಿಯಾದರೋ ಹಿಂದಕ್ಕೆ ನಡೆದು ನೋಡಿದರೆ ಗೋಡೆ! ಅದು ಚಾಲಕನ ಕೋಣೆ. ಒಂದರ ಹಿಂದೊಂದು ಕೊಂಡಿ ಹಾಕಿದ ಎರಡು ಪೂರ್ಣ ಗಾಡಿಗಳವು, ನಡುವೆ ಹಾದಿಯಿಲ್ಲ. ಇರಲಿ, ಇಳಿಯುವಾಗ ಕೂಡಿಕೊಳ್ಳುವೆವೆಂದು ಸಮಾಧಾನ ತಂದುಕೊಂಡು ಕುಳಿತೆನು.

ಸ್ವಲ್ಪ ಹೊತ್ತಿನ ಮೇಲೆ ಗಾಡಿಯೊಳಗೆ ಜರ್ಮನ್ ಭಾಷೆಯಲ್ಲಿ ಪ್ರಕಟನೆಯಾಯಿತು. ಅದರಲ್ಲಿ ‘ತ್ಸೂಗ್‌ತೈಲ್’, ‘ತ್ಸೂಗ್‌ತೈಲ್’ ಎಂದು ಎರಡು ಮೂರು ಸಲ ಕೇಳಿಬಂದಿತು. ‘ತ್ಸೂಗ್’ ಎಂದರೆ ರೈಲುಗಾಡಿಯೆಂದು ಮೊಮ್ಮಗನು ನನಗೆ ಹೇಳಿಕೊಟ್ಟಿದ್ದನು. ‘ತೈಲ್’ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಿಲದಿಂದ ಹುಟ್ಟಿದುದು ತೈಲ; ಸಂಸ್ಕೃತಕ್ಕೂ ಜರ್ಮನ್ನಿಗೂ ಮೂಲವು ಒಂದೇ ಎಂದು ನಾನೇ ಎಷ್ಟೋ ಸಲ ತರಗತಿಯಲ್ಲಿ ಹೇಳಿರಲಿಲ್ಲವೆ? ಗಾಡಿಗೆ ಎಲ್ಲಿಯೋ ಎಣ್ಣೆ ತುಂಬಿಸುವರೆಂದು ಅರ್ಥಮಾಡಿಕೊಂಡು, ಎದುರಿಗಿದ್ದ ಯುವಕನ ಕಡೆಗೆ ನೋಡಿ ತಿಳಿದವನಂತೆ ತಲೆಯಾಡಿಸಿದೆನು.

ಒಂದು ಸಣ್ಣ ಕೂಡುನಿಲ್ದಾಣದಲ್ಲಿ ಗಾಡಿಯು ಐದಾರು ನಿಮಿಷ ನಿಂತಿತು. ಇಳಿದು ಹಿಂದಿನ ಭಾಗಕ್ಕೆ ಹೋಗಿ ಆಕೆಯನ್ನು ನೋಡಿಬರಲೆ ಎಂದು ಮನಸ್ಸಾಯಿತು. ಅಷ್ಟರಲ್ಲಿ ಹೊರಟುಬಿಟ್ಟರೆ ಏನು ಗತಿ ಎಂಬ ಭಯದಿಂದ ಕುಳಿತೆನು. ಗಾಡಿಯು ಹೊರಟು ಒಂದು ದೊಡ್ಡ ತಿರುವಿನಲ್ಲಿ ಬಾಗಿದಾಗ ಕಿಟಕಿಯಿಂದ ಹಿಂದಕ್ಕೆ ನೋಡಿದೆನು. ನನ್ನ ಬೋಗಿಯ ಹಿಂದೆ ಹಳಿಗಳಿದ್ದುವು, ಹಸುರು ಹೊಲವಿದ್ದಿತು. ಗಾಡಿಯ ಉಳಿದರ್ಧವು ಇರಲಿಲ್ಲ.

ವಾಚಕರೇ, ಆ ಕ್ಷಣವನ್ನು ವರ್ಣಿಸಲು ನಾನು ಕಲಿತ ಅಲಂಕಾರಶಾಸ್ತ್ರವು ಉಪಯೋಗಕ್ಕೆ ಬಾರದು. ಕೈಕಾಲುಗಳು ತಣ್ಣಗಾದುವು. ಆಕೆಗೆ ಕನ್ನಡ, ತೆಲುಗು ಬಿಟ್ಟು ಬೇರೆ ಭಾಷೆ ಬಾರದು. ಟಿಕೆಟ್ಟು ನನ್ನಲ್ಲಿ, ಪಾಸ್‌ಪೋರ್ಟು ನನ್ನಲ್ಲಿ, ಹಣವು ನನ್ನಲ್ಲಿ, ದೂರವಾಣಿಯು ನನ್ನಲ್ಲಿ. ಆಕೆಯ ಬಳಿ ಇದ್ದುದು ಮಂಡಕ್ಕಿಯ ಡಬ್ಬಿ, ನೀರಿನ ಸೀಸೆ, ನಾನು ನಕ್ಕ ಆ ಚೀಟಿ; ಇಷ್ಟೇ. ನನ್ನ ಬಾಲ್ಯದಲ್ಲಿ ಗುಂತಕಲ್ಲಿನಲ್ಲಿ ಗಾಡಿಯಿಂದ ಬೋಗಿಗಳನ್ನು ಕಳಚಿ ಬೇರೊಂದು ಗಾಡಿಗೆ ಕೂಡಿಸುವುದನ್ನು ಎಷ್ಟು ಸಲ ನೋಡಿಲ್ಲ! ನನ್ನ ತಂದೆಯವರು ಅಲ್ಲಿ ಇಳಿದು, ಬೋಗಿಗೆ ತಗುಲಿಸಿದ ಹಲಗೆಯನ್ನು ಎರಡು ಸಲ ಓದಿದ ಹೊರತು ನಮ್ಮನ್ನು ಹತ್ತಿಸುತ್ತಿರಲಿಲ್ಲ. ಆ ಅಕ್ಷರಗಳನ್ನು ಕೂಡಿಸಿ ಓದುತ್ತಲೇ ನಾನು ಊರ ಹೆಸರುಗಳನ್ನು ಕಲಿತುದು. ಆ ತಂದೆಯ ಮಗನು ಜರ್ಮನಿಗೆ ಹೋಗಿ, ಹಲಗೆಯನ್ನು ನೋಡದೆ ಗಾಡಿಯೇರಿ, ಎಣ್ಣೆಯ ವ್ಯುತ್ಪತ್ತಿಯನ್ನು ಚಿಂತಿಸುತ್ತ ಕುಳಿತಿದ್ದನು.

ಮುಂದಿನ ನಿಲ್ದಾಣದಲ್ಲಿ ಇಳಿದೆನು. ಅದು ಹಳ್ಳಿಯ ನಿಲ್ದಾಣ; ಅಧಿಕಾರಿಯಿಲ್ಲ, ಕೂಲಿಯಿಲ್ಲ, ಟಿಕೆಟ್ಟು ಕೊಡುವ ಯಂತ್ರವೊಂದು ಮಾತ್ರ ನಿಂತಿತ್ತು. ಬೆಂಚಿನ ಮೇಲೆ ರೊಟ್ಟಿಯ ಚೀಲವನ್ನು ಹಿಡಿದು ವೃದ್ಧನೊಬ್ಬನು ಕುಳಿತಿದ್ದನು. ನನ್ನ ಕಾಗದವನ್ನು ನೋಡಿ, ಆ ಸಣ್ಣಕ್ಷರದ ಸಾಲಿನ ಮೇಲೆ ಬೆರಳಿಟ್ಟು, ಚೀಲದಿಂದ ಉದ್ದನೆಯ ರೊಟ್ಟಿಯೊಂದನ್ನು ತೆಗೆದು ನಡುವೆ ಮುರಿದನು. ಒಂದು ತುಂಡನ್ನು ಬಲಕ್ಕೆ ಚಾಚಿ “ತೈಲ್” ಎಂದನು. ಇನ್ನೊಂದನ್ನು ಎಡಕ್ಕೆ ಚಾಚಿ “ತೈಲ್” ಎಂದನು. ತೈಲವಲ್ಲ, ಭಾಗ! ಮುಂದಿನ ಭಾಗವು ಒಂದೂರಿಗೆ, ಹಿಂದಿನ ಭಾಗವು ತ್ಯೂಬಿಂಗೆನ್ನಿಗೆ. ದಾರಿ ತಪ್ಪಿದವಳು ಆಕೆಯಲ್ಲ, ನಾನು. ಹಿಂದಕ್ಕೆ ಹೋಗುವ ಗಾಡಿಗೆ ಇನ್ನೂ ಐವತ್ತು ನಿಮಿಷವಿತ್ತು.

ಮಗಳಿಗೆ ಕರೆಮಾಡಿದೆನು. ತಾಯಿಯಿಂದ ಸುದ್ದಿಯಿಲ್ಲವೆಂದಳು. ಮೂರು ನಿಮಿಷ ಬಿಟ್ಟು ಮತ್ತೆ ಕರೆದೆನು. ಮತ್ತೆ ಮೂರು ನಿಮಿಷಕ್ಕೆ ಇನ್ನೊಮ್ಮೆ. ಪೊಲೀಸರಿಗೆ ಹೇಳಲೆ, ರಾಯಭಾರಿಯ ಕಚೇರಿಗೆ ಹೇಳಲೆ, ಯಾರಿಗೆ ಹೇಳಲಿ ಎಂದು ಕೂಗಾಡಿದೆನು. ಕೊನೆಗೆ ಅವಳು ಕಠಿನಸ್ವರದಿಂದ, “ಅಪ್ಪಾ, ದಯಮಾಡಿ ದೂರವಾಣಿಯನ್ನು ಕೆಳಗಿಡಿರಿ. ಅಮ್ಮನು ಯಾರಿಂದಲಾದರೂ ಕರೆಮಾಡಿಸಿದರೆ ನನಗೆ ಹೇಗೆ ಸಿಕ್ಕಬೇಕು?” ಎಂದಳು. ಜನ್ಮದಲ್ಲಿ ಮೊದಲನೆಯ ಸಲ ಮಗಳು ಗದರಿಸಿದುದನ್ನು ಕೇಳಿ ಸುಮ್ಮನೆ ಕುಳಿತೆನು. ಎರಡೇ ನಿಮಿಷದಲ್ಲಿ ಅವಳೇ ಕರೆದಳು. ಗೊತ್ತಿಲ್ಲದ ಸಂಖ್ಯೆಯೊಂದರಿಂದ ಅದುವರೆಗೆ ನಾಲ್ಕು ಸಲ ಕರೆ ಬಂದಿತ್ತಂತೆ. ನಾಲ್ಕು ಸಲವೂ ಅವಳು ನನ್ನೊಡನೆ ಮಾತಾಡುತ್ತಿದ್ದಳಂತೆ! ತಾಯಿಯು ತ್ಯೂಬಿಂಗೆನ್ ನಿಲ್ದಾಣದ ಬೆಂಚಿನ ಮೇಲೆ ಸುಖವಾಗಿ ಕುಳಿತಿರುವಳೆಂದು ತಿಳಿದಾಗ ನನ್ನ ಕಣ್ಣಿನಲ್ಲಿ ನೀರು ಬಂದುದನ್ನು ಮರೆಮಾಚಲಾರೆನು. ಆ ವೃದ್ಧನು ಏನನ್ನೂ ಕೇಳದೆ, ಮುರಿದ ರೊಟ್ಟಿಯ ಒಂದು ಭಾಗವನ್ನು ನನ್ನ ಕೈಗಿತ್ತನು.

ಆಕೆಯ ಕಥೆಯನ್ನು ಅನಂತರ ಆಕೆಯ ಬಾಯಿಂದಲೇ ಕೇಳಿದೆನು. ಟಿಕೆಟ್ಟು ನೋಡುವವನು ಬಂದಾಗ ಆಕೆ ಗಾಬರಿಗೊಳ್ಳದೆ ಚೀಟಿಯನ್ನು ಕೊಟ್ಟಳಂತೆ. ತಾನು ಗಂಡನೊಡನೆ ಪ್ರಯಾಣ ಮಾಡುತ್ತಿರುವಳೆಂದೂ, ಟಿಕೆಟ್ಟು ಅವರಲ್ಲಿರುವುದೆಂದೂ, ತೊಂದರೆಯಾದರೆ ಈ ಸಂಖ್ಯೆಗೆ ತಿಳಿಸಬೇಕೆಂದೂ ಮಗಳು ಅದರಲ್ಲಿ ಬರೆದಿದ್ದಳು. ಆತನು ಓದಿ, ನಕ್ಕು, ಚೀಟಿಯನ್ನು ಪಕ್ಕದ ವಿದ್ಯಾರ್ಥಿನಿಯೊಬ್ಬಳಿಗೆ ತೋರಿಸಿ ಏನೋ ಹೇಳಿ ಹೋದನು. ಗಾಡಿಯೊಳಗೆ ಊರುಗಳ ಹೆಸರನ್ನು ಕೂಗಿದಾಗಲೆಲ್ಲ ಆಕೆ ಚೀಟಿಯ ಬೆನ್ನಮೇಲಿನ ಕನ್ನಡದ ಅಕ್ಷರಗಳಿಗೆ ಕಿವಿಯಿಟ್ಟು ತಾಳೆನೋಡುತ್ತಿದ್ದಳು. ‘ತ್ಯೂಬಿಂಗೆನ್’ ಎಂಬ ಧ್ವನಿಯು ಕೇಳಿದೊಡನೆ, ಆ ಹುಡುಗಿಯು ಹೇಳುವುದಕ್ಕೆ ಮುಂಚೆಯೇ, ಎದ್ದು ನಿಂತಳು. ಇಳಿದವಳು ಅತ್ತಿತ್ತ ಹೋಗಲಿಲ್ಲ. ಎದುರಿಗಿದ್ದ ಬೆಂಚಿನ ಮೇಲೆ ಕುಳಿತು, ಹುಡುಗಿಯಿಂದ ಮಗಳಿಗೆ ಕರೆಮಾಡಿಸಿ, ಕರೆಯು ಸಿಕ್ಕದಿರಲು ಡಬ್ಬಿಯನ್ನು ತೆರೆದು ಅವಳಿಗೆ ಮಂಡಕ್ಕಿಯನ್ನು ಬಡಿಸಿದಳು.

ನಾನು ಹೋಗಿ ಸೇರಿದಾಗ ಅಗಲಿ ಎರಡು ಗಂಟೆ ಹತ್ತು ನಿಮಿಷವಾಗಿತ್ತು. ಡಬ್ಬಿಯಲ್ಲಿ ಅರ್ಧ ಉಳಿದಿತ್ತು. “ನೀನು ಹೆದರಲಿಲ್ಲವೆ?” ಎಂದು ಕೇಳಿದೆನು. “ಹೆದರಿಕೆಯಾಯಿತು. ಆದರೆ ಚಿಕ್ಕಂದಿನಲ್ಲಿ ದುರ್ಗಮ್ಮನ ಸಿಡಿಬಂಡಿಯ ಜಾತ್ರೆಗೆ ಹೋಗುವಾಗ ನಮ್ಮಪ್ಪ ಹೇಳುತ್ತಿದ್ದರು: ಕೈತಪ್ಪಿದರೆ ಹುಡುಕಿಕೊಂಡು ಹೊರಡಬೇಡ, ನಿಂತಲ್ಲೇ ನಿಲ್ಲು, ಇಬ್ಬರೂ ತಿರುಗಿದರೆ ಇಬ್ಬರೂ ಸಿಕ್ಕುವುದಿಲ್ಲ ಎಂದು. ತಪ್ಪಿಸಿಕೊಂಡವರು ನೀವು; ನೀವು ಬರಬೇಕಾದದ್ದು ಇಲ್ಲಿಗೇ. ಅದಕ್ಕೆ ಇಲ್ಲೇ ಕುಳಿತೆ” ಎಂದಳು. ಇದಕ್ಕಿಂತ ದೃಢವಾದ ತರ್ಕವನ್ನು ನಾನು ನ್ಯಾಯಶಾಸ್ತ್ರದ ಗ್ರಂಥಗಳಲ್ಲಿಯೂ ಕಂಡಿಲ್ಲ.

ತ್ಯೂಬಿಂಗೆನ್ನಿನಲ್ಲಿ ನಮಗೆ ಉಳಿದುದು ಎರಡು ಗಂಟೆ ಮಾತ್ರ. ನೆಕರ್ ನದಿಯ ದಡದಲ್ಲಿ ನಡೆದೆವು. ೧೪೭೭ರಲ್ಲಿ ಸ್ಥಾಪಿತವಾದ ಆ ವಿಶ್ವವಿದ್ಯಾನಿಲಯದ ಹಳೆಯ ಬೀದಿಗಳನ್ನು ಕಂಡೆವು. ಕಿಟೆಲ್ಲರು ಕನ್ನಡದ ಮಾತುಗಳನ್ನು ಪಂಡಿತರ ಗ್ರಂಥಗಳಿಂದ ಆರಿಸಿದಂತೆ ಸಾಮಾನ್ಯರ ಗಾದೆಗಳಿಂದಲೂ ಆರಿಸಿಕೊಂಡರಷ್ಟೆ. ಜನರ ಬಾಯಲ್ಲಿದ್ದ ವಿವೇಕಕ್ಕೆ ಅವರು ಕೋಶದಲ್ಲಿ ಸ್ಥಾನವನ್ನಿತ್ತರು. ನನಗೆ ಆ ವಿವೇಕವು ಮನೆಯಲ್ಲಿಯೇ ಇದ್ದಿತು. ಅದನ್ನು ಕಾಣಲು ಅಷ್ಟು ದೂರ ಹೋಗಬೇಕಾಯಿತು. ನದಿಯ ಸೇತುವೆಯ ಮೇಲೆ ನಿಂತು ಆಕೆಯ ಟಿಕೆಟ್ಟನ್ನೂ ಪಾಸ್‌ಪೋರ್ಟನ್ನೂ ಒಂದಿಷ್ಟು ಹಣವನ್ನೂ ಆಕೆಯ ಕೈಗಿತ್ತೆನು. ಆಕೆ ಏನೂ ಹೇಳದೆ ತೆಗೆದುಕೊಂಡು ಚೀಟಿಯ ಪಕ್ಕದಲ್ಲಿಟ್ಟುಕೊಂಡಳು.

ಇನ್ನು ಹೊರಡಲಿರುವ ಗೃಹಸ್ಥರ ಉಪಯೋಗಕ್ಕಾಗಿ ಕೆಲವು ಮಾತುಗಳು.

ಮೊದಲನೆಯದು: ಇಬ್ಬರಿರಲಿ ಹತ್ತು ಮಂದಿಯಿರಲಿ, ಪ್ರತಿಯೊಬ್ಬರ ಬಳಿಯೂ ಅವರವರ ಟಿಕೆಟ್ಟು, ಪಾಸ್‌ಪೋರ್ಟು, ಸ್ವಲ್ಪ ಹಣ, ಸಾಧ್ಯವಾದರೆ ದೂರವಾಣಿ ಇರಲಿ; ಆ ದೇಶದ ಭಾಷೆಯಲ್ಲಿ ಬರೆದ ಚೀಟಿಯೊಂದಿರಲಿ. ಇಳಿಯುವ ಊರಿನ ಹೆಸರನ್ನು ನಮ್ಮ ಅಕ್ಷರದಲ್ಲಿ, ಉಚ್ಚಾರವಿದ್ದಂತೆ, ಬರೆದುಕೊಡಿರಿ. ಎಲ್ಲರೂ ಒಂದೇ ಬಾಗಿಲಿನಿಂದ ಹತ್ತಿರಿ. ಹತ್ತಲಾಗದಿದ್ದರೆ ಎಲ್ಲರೂ ಇಳಿದು ಮುಂದಿನ ಗಾಡಿಗೆ ಕಾಯಿರಿ. ಅಗಲಿದರೆ ಎಲ್ಲಿ ಕೂಡಬೇಕೆಂಬುದನ್ನು ಹೊರಡುವ ಮುಂಚೆಯೇ ಗೊತ್ತುಮಾಡಿಕೊಳ್ಳಿರಿ.

ಎರಡನೆಯದು: ದಾರಿಯಲ್ಲಿ ಒಡೆಯುವ ಗಾಡಿಗಳು ಜರ್ಮನಿಯಲ್ಲಿ ಸಾಧಾರಣ. ಕಟ್ಟೆಯ ಮೇಲಿನ ಫಲಕದಲ್ಲಿ ಯಾವ ಭಾಗವು ಯಾವ ಊರಿಗೆ ಎಂಬುದನ್ನೂ, ಅದು ಕಟ್ಟೆಯ ಯಾವ ಅಕ್ಷರದ ಬಳಿ ನಿಲ್ಲುವುದೆಂಬುದನ್ನೂ ತೋರಿಸುವರು. ಬೋಗಿಯ ಪಕ್ಕದಲ್ಲಿಯೂ ಬರೆದಿರುವರು. ಎರಡು ಸಲ ಓದಿರಿ.

ಮೂರನೆಯದು: ನಿಲ್ದಾಣದ ಪೂರ್ಣ ಹೆಸರನ್ನು ನೋಡಿಕೊಳ್ಳಿರಿ. ಬಾಸೆಲ್ಲಿಗೆ ಎರಡಾದರೆ ಪ್ಯಾರಿಸ್ಸಿಗೆ ಆರಕ್ಕೂ ಮೀರಿ ಪ್ರಧಾನ ನಿಲ್ದಾಣಗಳುಂಟು. ಫ್ರಾಂಕ್‌ಫರ್ಟ್ ಎಂಬ ಊರುಗಳೂ ಎರಡು. ಒಂದು ಮೈನ್ ನದಿಯ ಮೇಲಿನದು, ಇನ್ನೊಂದು ಪೂರ್ವದ ಗಡಿಯಲ್ಲಿ ಓಡರ್ ನದಿಯ ಮೇಲಿನದು. ನಡುವಿನ ದೂರವು ಬಳ್ಳಾರಿಯಿಂದ ಬೆಂಗಳೂರಿಗಿಂತಲೂ ಹೆಚ್ಚು.

ನಾಲ್ಕನೆಯದು: ಗಾಡಿ ಬದಲಿಸಲು ಯಂತ್ರವು ಏಳೆಂಟು ನಿಮಿಷದ ಬಿಡುವನ್ನು ತೋರಿಸಿದರೆ ನಂಬಬೇಡಿರಿ. ನಮ್ಮ ವಯಸ್ಸಿನವರಿಗೆ, ಪೆಟ್ಟಿಗೆಯಿದ್ದರೆ, ಅರ್ಧ ಗಂಟೆಯಾದರೂ ಬೇಕು. ಅಲ್ಲಿ ಹೊರೆಯಾಳುಗಳು ಸಿಕ್ಕರು. ತಾವೇ ಎತ್ತಬಲ್ಲಷ್ಟು ಭಾರವನ್ನೇ ಒಯ್ಯಿರಿ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಅಲ್ಲಿನ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೂ, ಅಕ್ಟೋಬರಿನ ಕೊನೆಯ ಭಾನುವಾರ ಹಿಂದಕ್ಕೂ ತಿರುಗಿಸುವರು. ಆ ದಿನಗಳಲ್ಲಿ ಪ್ರಯಾಣವಿದ್ದರೆ ಎಚ್ಚರ.

ಐದನೆಯದು: ಹಕ್ಕುಗಳನ್ನು ತಿಳಿದಿರಿ. ಐರೋಪ್ಯ ಒಕ್ಕೂಟದಲ್ಲಿ ೨೦೨೩ರ ಜೂನ್ ೭ರಿಂದ ಜಾರಿಯಲ್ಲಿರುವ ನಿಯಮದಂತೆ, ತಲಪುವ ಊರಿಗೆ ಅರುವತ್ತು ನಿಮಿಷ ಅಥವಾ ಹೆಚ್ಚು ತಡವಾಗುವಂತಿದ್ದರೆ, ಹಣವನ್ನು ಹಿಂದಕ್ಕೆ ಪಡೆಯಬಹುದು, ಇಲ್ಲವೆ ಬೇರೆ ಗಾಡಿಯಲ್ಲಿ ಮುಂದುವರಿಯಬಹುದು. ಮುಂದುವರಿದು ಒಂದು ಗಂಟೆಗೂ ಎರಡು ಗಂಟೆಗೂ ನಡುವೆ ತಡವಾಗಿ ತಲಪಿದರೆ ಟಿಕೆಟ್ಟಿನ ಬೆಲೆಯ ನೂರಕ್ಕೆ ೨೫, ಎರಡು ಗಂಟೆ ಅಥವಾ ಹೆಚ್ಚಾದರೆ ನೂರಕ್ಕೆ ೫೦ ಪರಿಹಾರವುಂಟು. ಪ್ರಳಯದಂಥ ಬಿರುಗಾಳಿ ಮೊದಲಾದ ಅಸಾಧಾರಣ ಕಾರಣಗಳಿದ್ದರೆ ಪರಿಹಾರವಿಲ್ಲ. ಪ್ರಯಾಣವನ್ನು ತುಂಡುತುಂಡಾಗಿ ಕೊಳ್ಳದೆ ಮೊದಲಿನಿಂದ ಕೊನೆಯವರೆಗೆ ಒಂದೇ ಟಿಕೆಟ್ಟಾಗಿ ಕೊಂಡಿದ್ದರೆ ಈ ಹಕ್ಕು ಬಲವಾಗಿ ನಿಲ್ಲುವುದು. ಸ್ವಿಟ್ಜರ್‌ಲೆಂಡು ಒಕ್ಕೂಟಕ್ಕೆ ಸೇರಿದುದಲ್ಲವಾಗಿ ಅದರ ನಿಯಮಗಳು ಬೇರೆ. ನನ್ನ ಎರಡು ಗಂಟೆಯ ಅಲೆದಾಟಕ್ಕೆ ನಾನು ಅರ್ಜಿ ಹಾಕಲಿಲ್ಲ. ಅಜಾಗರೂಕತೆಗೆ ಯಾವ ರೈಲ್ವೆಯೂ ಪರಿಹಾರ ಕೊಡದು.

ಆರನೆಯದು: ಯೂರೋಪಿನ ಹೊರಗಿನವರಿಗೆ ದೊರೆಯುವ ಯೂರೇಲ್ ಪಾಸು ಇದ್ದಮಾತ್ರಕ್ಕೆ ಎಲ್ಲ ಗಾಡಿಗಳನ್ನೂ ಏರಬಹುದೆಂದು ಭಾವಿಸಬೇಡಿರಿ. ಫ್ರಾನ್ಸ್, ಇಟಲಿ, ಸ್ಪೇನುಗಳ ಅತಿವೇಗದ ಗಾಡಿಗಳಲ್ಲಿ ಆಸನವನ್ನು ಬೇರೆ ಹಣ ತೆತ್ತು ಕಾದಿರಿಸಬೇಕು. ಇಟಲಿಯ ಪ್ರಾದೇಶಿಕ ಗಾಡಿಗೆ ಕಾಗದದ ಟಿಕೆಟ್ಟನ್ನು ಕೊಂಡರೆ, ಹತ್ತುವ ಮುಂಚೆ ನಿಲ್ದಾಣದ ಯಂತ್ರದಲ್ಲಿ ಅದಕ್ಕೆ ಮುದ್ರೆ ಹಾಕಿಸಬೇಕು, ಮರೆತರೆ ದಂಡ. ಆಪತ್ತಿನಲ್ಲಿ ಕರೆಯಬೇಕಾದ ಸಂಖ್ಯೆಯು ಅಲ್ಲಿಯೂ ನಮ್ಮ ದೇಶದಂತೆಯೇ ೧೧೨. ಕರೆದ ಮೇಲೆ, ದಯವಿಟ್ಟು, ದೂರವಾಣಿಯನ್ನು ಕೆಳಗಿಟ್ಟು ಕಾಯಿರಿ.

ಊರಿಗೆ ಬಂದ ಮೇಲೆ ಮೊನ್ನೆ ಹುಬ್ಬಳ್ಳಿಯ ಮದುವೆಗೆ ಹೊರಟೆವು. ಬಳ್ಳಾರಿಯ ನಿಲ್ದಾಣದಲ್ಲಿ ಗಾಡಿಯು ಬಂದು ನಿಂತಿತು. ನಾನು ಪೆಟ್ಟಿಗೆಯನ್ನೆತ್ತಿ ಹತ್ತಲು ಹ್ಞಾ ಎನ್ನುವಷ್ಟರಲ್ಲಿ ಆಕೆ ನನ್ನ ತೋಳನ್ನು ಹಿಡಿದು ನಿಲ್ಲಿಸಿ, ಬೋಗಿಯ ಹಲಗೆಯನ್ನು ಅಕ್ಷರ ಅಕ್ಷರವಾಗಿ ಎರಡು ಸಲ ಓದಿ, ತನ್ನ ಚೀಲದಿಂದ ತನ್ನ ಟಿಕೆಟ್ಟನ್ನು ತೆಗೆದು ಅದರೊಡನೆ ತಾಳೆನೋಡಿ, “ಈಗ ಹತ್ತಿರಿ” ಎಂದಳು. ನಾನು ಹತ್ತಿದೆನು.